ಬಾಗಿಲ ತನಕ ಹೊತ್ತವರು

ಅಪೊಸ್ತಲರ ಕೃತ್ಯಗಳ ಮೂರನೆಯ ಅಧ್ಯಾಯ ನಮ್ಮನ್ನು ಯೆರೂಸಲೇಮಿನ ದೇವಾಲಯದ ಸುಂದರ ದ್ವಾರಕ್ಕೆ ಕರೆದೊಯ್ಯುತ್ತದೆ. ಅಲ್ಲಿ ಹುಟ್ಟಿನಿಂದಲೇ ನಡೆಯಲಾರದ ಒಬ್ಬನಿದ್ದಾನೆ. ವಯಸ್ಸು ನಲವತ್ತು ದಾಟಿದೆ. ದಿನವೂ ಅವನನ್ನು ಹೊತ್ತು ತರುತ್ತಾರೆ, ದಿನವೂ ಬಾಗಿಲಲ್ಲಿ ಕೂರಿಸುತ್ತಾರೆ. ಹೊತ್ತವರು ಕೆಟ್ಟವರಲ್ಲ, ಅವರ ಹೆಗಲಲ್ಲಿ ಬಲವಿತ್ತು, ಎದೆಯಲ್ಲಿ ಮರುಕವಿತ್ತು. ಆದರೂ ಅಷ್ಟು ದೂರ ಹೊತ್ತವರು ಬಾಗಿಲಲ್ಲೇ ಇಳಿಸಿದರು. ಒಳಗೆ ಪ್ರಾರ್ಥನೆಯ ಹೊತ್ತು, ಹೊರಗೆ ಭಿಕ್ಷೆಯ ಹೊತ್ತು. ಅವನ ಕಾಲಿನ ಬಲಹೀನತೆ ಹುಟ್ಟಿನಿಂದ ಬಂದದ್ದು. ಅವನು ಕೂರುವ ಜಾಗ ಮಾತ್ರ ಜನರು ಗೊತ್ತುಮಾಡಿದ್ದು.

ಆ ಜಾಗವನ್ನು ಗೊತ್ತುಮಾಡುವ ಮಾತುಗಳು ನಮ್ಮ ಬಾಯಲ್ಲೂ ಇವೆ. 'ಯಾವ ಜನ್ಮದ ಕರ್ಮವೋ' ಎಂದು ಬೀದಿಯಲ್ಲಿ ಆಡುತ್ತಾರೆ. 'ನಂಬಿಕೆ ಸಾಲದು, ಅದಕ್ಕೇ ಗುಣವಾಗಿಲ್ಲ' ಎಂದು ಪ್ರಾರ್ಥನಾಕೂಟದಲ್ಲಿ ನಾವೇ ಆಡುತ್ತೇವೆ. ಹುಟ್ಟುಕುರುಡನನ್ನು ಕಂಡು ಶಿಷ್ಯರೂ ಹೀಗೆಯೇ ಕೇಳಿದರು, ಯಾರ ಪಾಪದ ಫಲವಿದು ಎಂದು. ಅವನದೂ ಅಲ್ಲ, ಅವನ ಹೆತ್ತವರದೂ ಅಲ್ಲ ಎಂದು ಕರ್ತನು ಆ ಲೆಕ್ಕವನ್ನೇ ಅಳಿಸಿಹಾಕಿದನು. ಪೌಲನು ತನ್ನ ಶರೀರದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡನು. ಮುಳ್ಳು ಉಳಿಯಿತು, ಕೃಪೆ ದೊರೆಯಿತು. ಪೌಲನಿಗೆ ನಂಬಿಕೆ ಸಾಲದಾಗಿತ್ತೇ? ಪ್ರಿಯರೇ, ಪಾಪವೆಂಬುದು ನಿಜ. ಆದರೆ ಅದನ್ನು ನಡೆಯಲಾರದವನ ಕಾಲಿನಲ್ಲಿ ಹುಡುಕಬೇಡಿ; ಅವನು ಬರುವನೆಂದು ನೆನೆಯದೆ ಮೆಟ್ಟಿಲು ಕಟ್ಟಿದ ನಮ್ಮ ಮನಸ್ಸಿನಲ್ಲಿ ಹುಡುಕಿರಿ. ಕೇಳಲಾರದವಳ ಕಿವಿಯಲ್ಲಿ ಹುಡುಕಬೇಡಿ. ಅವಳ ಸನ್ನೆಯ ಭಾಷೆಯನ್ನು ಕಲಿಯಲೊಲ್ಲದ ನಮ್ಮ ಸೋಮಾರಿತನದಲ್ಲಿ ಹುಡುಕಿರಿ.

ಕೃಪೆ ಎಲ್ಲಿ ಇಳಿಯುತ್ತದೋ ಅಲ್ಲಿ ಜಾಗ ಬದಲಾಗುತ್ತದೆ. ಎರಡು ಕಾಲೂ ಕುಂಟಾಗಿದ್ದ ಮೆಫೀಬೋಶೆತನು ಲೋದೆಬಾರಿನಲ್ಲಿ ಯಾರದೋ ಮನೆಯಲ್ಲಿದ್ದನು. ದಾವೀದನು ಅವನನ್ನು ಕರೆಸಿ, ಅಜ್ಜನ ಹೊಲಗಳನ್ನು ಹಿಂದಿರುಗಿಸಿ, ರಾಜಪುತ್ರರ ಪಂಕ್ತಿಯಲ್ಲಿ ಕೂರಿಸಿದನು. ಅವನ ಕಾಲು ಕೊನೆಯವರೆಗೂ ಸರಿಹೋಗಲಿಲ್ಲ, ಅವನ ಬದುಕು ಸರಿಹೋಯಿತು. ನಮ್ಮ ನಾಡಿನ ಗದುಗಿನಲ್ಲಿಯೂ ಇದನ್ನು ಕಂಡಿದ್ದೇವೆ. ಕಣ್ಣಿಲ್ಲದ ಪಂಚಾಕ್ಷರಿ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿದರು. ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಅದೇ ವೀರೇಶ್ವರ ಪುಣ್ಯಾಶ್ರಮದಲ್ಲಿ ತಲೆಮಾರುಗಳಿಗೆ ಗುರುವಾದರು. ಅಲ್ಲಿ ಯಾರಿಗೂ ದೃಷ್ಟಿ ಮರಳಲಿಲ್ಲ, ಮಕ್ಕಳಿಗೆ ಕಲಿಯುವ ಮನೆ ತೆರೆಯಿತು. ದೇವರ ಒಳ್ಳೆಯತನ ನಮ್ಮ ಸಭೆಯ ಗೋಡೆಗಳಿಗಿಂತ ವಿಶಾಲವಾದದ್ದು. ಕಲಿಯಲು ನಾವು ನಾಚಬೇಕಾಗಿಲ್ಲ.

2011ರ ಜನಗಣತಿ ಭಾರತದಲ್ಲಿ 2.68 ಕೋಟಿ ಅಂಗವಿಕಲರನ್ನು ಎಣಿಸಿತು. 2016ರ ಹಕ್ಕುಗಳ ಕಾಯ್ದೆ 7 ಬಗೆಗಳಿದ್ದ ಪಟ್ಟಿಯನ್ನು 21ಕ್ಕೆ ಹಿಗ್ಗಿಸಿ, ಸಾರ್ವಜನಿಕ ಕಟ್ಟಡಗಳು ಎಲ್ಲರಿಗೂ ತೆರೆದಿರಬೇಕೆಂದು ವಿಧಿಸಿತು. ಕಾಯ್ದೆ ಇಳಿಜಾರು ದಾರಿಯನ್ನು ಕಟ್ಟಿಸಬಲ್ಲದು. ಆ ದಾರಿಯಲ್ಲಿ ಬಂದವರ ಪಕ್ಕದಲ್ಲಿ ಕೂರುವ ಹೃದಯವನ್ನು ಕೃಪೆಯೇ ಕಟ್ಟಬೇಕು. ಕಪೆರ್ನೌಮಿನಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ಬಂದರು. ಬಾಗಿಲು ಕಟ್ಟಿತ್ತು, ಅದನ್ನು ಕಟ್ಟಿದ್ದು ವಾಕ್ಯ ಕೇಳಲು ನೆರೆದ ಭಕ್ತರ ಗುಂಪೇ. ಆ ನಾಲ್ವರು ಅವನನ್ನು ಹೊರಗೆ ಇಳಿಸಿ ಹಿಂದಿರುಗಲಿಲ್ಲ. ಚಾವಣಿಯನ್ನು ತೆಗೆದು ಯೇಸುವಿನ ಮುಂದೆ ಇಳಿಸಿದರು. ಕರ್ತನು ಒಡೆದ ಚಾವಣಿಯನ್ನು ನೋಡಲಿಲ್ಲ, ಅವರ ನಂಬಿಕೆಯನ್ನು ನೋಡಿದನು.

ಆದ್ದರಿಂದ ಪ್ರಿಯರೇ, ನಾವೂ ಮನಸ್ಸು ತಿರುಗಿಸೋಣ. ಕ್ರಿಸ್‌ಮಸ್ ದಿನ ಅಕ್ಕಿ, ಸೀರೆ ಹಂಚಿ ಕೈತೊಳೆದುಕೊಳ್ಳುವ ದಯೆ ಸಾಕು. ವರ್ಷವಿಡೀ ಜೊತೆ ಕೂರುವ ಪ್ರೀತಿ ಬೇಕು. ಗಾಲಿಕುರ್ಚಿ ವೇದಿಕೆಯ ತನಕ ಬರಲಿ, ಬ್ರೈಲ್ ಓದುವ ಬೆರಳು ಭಾನುವಾರದ ಪಾಠವನ್ನು ಓದಲಿ, ಸನ್ನೆಯಲ್ಲಿ ಪ್ರಾರ್ಥಿಸುವವಳಿಗೆ ಸಭೆ ಆಮೆನ್ ಹೇಳಲಿ. ಮಗನನ್ನು ಒಳಕೋಣೆಯಲ್ಲಿ ಬಚ್ಚಿಟ್ಟ ತಾಯಿಯ ಮನೆಗೆ ಹೋಗಿರಿ; ಕನಿಕರ ಹೇಳಲಿಕ್ಕಲ್ಲ, ಅವನನ್ನು ಆರಾಧನೆಗೆ ಕರೆಯಲಿಕ್ಕೆ. ಸಭೆಯ ಹಿರಿಯರನ್ನು ಆರಿಸುವಾಗ ಅಂಗವಿಕಲರ ಹೆಸರೂ ಬರಲಿ. ಬಲಹೀನವೆಂದು ತೋರುವ ಅಂಗಗಳು ದೇಹಕ್ಕೆ ಅಗತ್ಯವೆಂದು ಪೌಲನು ಕಲಿಸಿದ್ದಾನೆ. ಅವರು ಬರುವವರೆಗೆ ಅಂಗಹೀನವಾಗಿರುವುದು ನಮ್ಮ ಸಭೆಯೇ. ಅವರನ್ನು ಕರೆಯಿರಿ, ಅವರಿಂದ ಕಲಿಯಿರಿ, ಅವರೊಂದಿಗೆ ಕರ್ತನ ಪಂಕ್ತಿಯಲ್ಲಿ ಕೂರಿರಿ. ಇದಕ್ಕೆ ಬೇಕಾದ ಕೃಪೆಯನ್ನು ನಮ್ಮ ಕರ್ತನಾದ ಯೇಸು ಕ್ರಿಸ್ತನು ನಿಮಗೆ ಹೇರಳವಾಗಿ ಕೊಡಲಿ. ಆಮೆನ್.