ಬಿಟ್ಟಿ ಪಾಠ

ಬಿಟ್ಟಿ ಅನ್ನೋ ಮಾತಿಗೆ ನಮ್ಮಲ್ಲಿ ಎರಡು ಅರ್ಥ. ದುಡ್ಡು ಕೊಡದೆ ಸಿಕ್ಕಿದ್ದು ಒಂದು. ಕೂಲಿಯಿಲ್ಲದೆ ಧಣಿಯ ಮನೆಯಲ್ಲಿ ದುಡಿದದ್ದು ಇನ್ನೊಂದು. ಕಂಪ್ಯೂಟರು, ಮೊಬೈಲುಗಳ ಪಾಠವನ್ನು ‘ಉಚಿತ’ ಅಂತ ಶಾಲೆಗಳಿಗೆ ಹಂಚುತ್ತಿರುವಾಗ, ಇದು ಯಾವ ಬಿಟ್ಟಿ ಎಂದು ನಾವು ಕೇಳಲೇಬೇಕು.

ಈ ಸಲಕರಣೆಗಳು ಬೇಡ ಅಂತ ನಾವು ಹೇಳುತ್ತಿಲ್ಲ. ಪ್ರಯೋಗಶಾಲೆಯೇ ಇಲ್ಲದ ಶಾಲೆಗಳನ್ನು ನಾವು ಬಲ್ಲೆವು. ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ 2002ರಲ್ಲಿ ಶುರುವಾದ ‘ಫೆಟ್’ನಲ್ಲಿ ಮಗು ಪರದೆಯ ಮೇಲೆಯೇ ಬ್ಯಾಟರಿಗೆ ತಂತಿ ಜೋಡಿಸಿ ಬಲ್ಬು ಉರಿಸಬಹುದು. ತಪ್ಪಿದರೆ ಕೈ ಸುಡುವುದಿಲ್ಲ, ಬೈಯುವವರೂ ಇಲ್ಲ. ‘ಜಿಯೋಜೀಬ್ರಾ’ದಲ್ಲಿ ತ್ರಿಕೋನದ ಮೂಲೆ ಹಿಡಿದು ಎಳೆದರೆ ಕೋನಗಳು ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಇದನ್ನು ಕಣ್ಣಾರೆ ಕಂಡ ಮಗು ಯಾರೋ ಹೇಳಿದ್ದನ್ನು ಗಿಣಿಯ ಹಾಗೆ ಒಪ್ಪಿಸಬೇಕಿಲ್ಲ. ಮುಟ್ಟುವುದೇ ಅಪರಾಧವಾಗಿದ್ದ ನಾಡಿನಲ್ಲಿ, ಮುಟ್ಟಿ ಕಲಿಯುವುದು ಸಣ್ಣ ಮಾತಲ್ಲ.

ಆದರೆ ಮುಟ್ಟುವವರು ಯಾರು? 2020ರ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಪಾಠ ಮೊಬೈಲಿಗೆ ಹೋಯಿತು. ಮೊಬೈಲು ಅಪ್ಪನ ಜೇಬಿನಲ್ಲಿ ಕೂಲಿಗೆ ಹೋಯಿತು. ಆ ಆಗಸ್ಟಿನಲ್ಲಿ ಸರ್ಕಾರವೇ ‘ವಿದ್ಯಾಗಮ’ ಅಂತ ಮೇಷ್ಟ್ರುಗಳನ್ನು ಮಕ್ಕಳಿದ್ದಲ್ಲಿಗೆ ಕಳಿಸಬೇಕಾಯಿತು. 2017ರಲ್ಲಿ ಶುರುವಾದ ‘ದೀಕ್ಷಾ’ದ ಪಾಠಗಳಿಗೆ ಪಠ್ಯಪುಸ್ತಕದಲ್ಲೇ ಕ್ಯೂಆರ್ ಕೋಡು ಅಚ್ಚಾಗಿದೆ. ಅಚ್ಚು ಎಲ್ಲರಿಗೂ ಒಂದೇ. ತೆರೆಯುವ ಕೀಲಿ ಮಾತ್ರ ಕೆಲವರ ಮನೆಯಲ್ಲಿ. ಬಾಲಕ ಅಂಬೇಡ್ಕರ್ ಶಾಲೆಯ ಒಳಗೇ ಇದ್ದರು. ಕೂರುವುದಕ್ಕೆ ಗೋಣಿತಟ್ಟನ್ನು ಮಾತ್ರ ಮನೆಯಿಂದ ತರಬೇಕಿತ್ತು. ಮೊಬೈಲು ನಿಮ್ಮ ಮನೆಯಿಂದಲೇ ಬರಲಿ ಅನ್ನುವ ಪಾಠ, ನಮ್ಮ ಮಕ್ಕಳನ್ನು ಮತ್ತೆ ಗೋಣಿತಟ್ಟು ಕೇಳುತ್ತಿದೆ.

ಇನ್ನು ಎರಡನೆಯ ಬಿಟ್ಟಿ. 49 ದೇಶಗಳ ಸರ್ಕಾರಗಳು ಶಿಫಾರಸು ಮಾಡಿದ ಕಲಿಕೆಯ ಸಲಕರಣೆಗಳನ್ನು ಹ್ಯೂಮನ್ ರೈಟ್ಸ್ ವಾಚ್ ಪರೀಕ್ಷಿಸಿ 2022ರಲ್ಲಿ ವರದಿ ಕೊಟ್ಟಿತು. 10ರಲ್ಲಿ ಹೆಚ್ಚುಕಡಿಮೆ 9 ಮಕ್ಕಳ ಮೇಲೆ ಕಣ್ಣಿಟ್ಟಿದ್ದವು, ಇಲ್ಲವೇ ಕಣ್ಣಿಡುವ ಏರ್ಪಾಡು ಹೊಂದಿದ್ದವು. ಮಗು ಎಲ್ಲಿದೆ, ಏನು ನೋಡುತ್ತಿದೆ ಅನ್ನೋದೆಲ್ಲ ಜಾಹೀರಾತಿನ ಧಣಿಗಳಿಗೆ ಸರಕು. ಮಗುವನ್ನು ಕೇಳಿದವರಿಲ್ಲ, ತಾಯಿಗೆ ಹೇಳಿದವರಿಲ್ಲ. ಇದು ಹಳೆಯ ಬಿಟ್ಟಿ ಚಾಕರಿಯೇ.

ಇದು ಯಂತ್ರದ ಹಣೆಬರಹವೇ? ಅಲ್ಲ. ಬೇರೆ ರೀತಿ ಕಟ್ಟಿದವರೂ ಇದ್ದಾರೆ. ‘ಕಿವಿಕ್ಸ್’ನಲ್ಲಿ ವಿಕಿಪೀಡಿಯವನ್ನು ಒಂದು ಸಲ ಇಳಿಸಿಕೊಂಡರೆ ಆಮೇಲೆ ಇಂಟರ್ನೆಟ್ಟಿನ ಹಂಗಿಲ್ಲ. ‘ಕೊಲಿಬ್ರಿ’ ಶಾಲೆಯ ಒಂದೇ ಕಂಪ್ಯೂಟರಿನಲ್ಲಿ ಪಾಠ ತುಂಬಿಟ್ಟು, ಅಕ್ಕಪಕ್ಕದ ಯಂತ್ರಗಳಿಗೆ ಇಂಟರ್ನೆಟ್ ಇಲ್ಲದೆಯೂ ಹಂಚುತ್ತದೆ. ಫೆಟ್‌ನ ಪ್ರಯೋಗಗಳನ್ನೂ ಹೀಗೆ ಇಳಿಸಿಟ್ಟುಕೊಳ್ಳಬಹುದು. ಅಂದರೆ ನ್ಯಾಯ, ಅನ್ಯಾಯ ಎರಡೂ ಕಟ್ಟುವವರ ಮತ್ತು ಆರಿಸುವವರ ಕೈಯಲ್ಲಿದೆ.

ಆದ್ದರಿಂದ ಶಾಲೆಗೆ ಹೊಸ ಸಲಕರಣೆ ಬಂದಾಗ ಅದರ ಥಳುಕು ನೋಡಿ ಚಪ್ಪಾಳೆ ತಟ್ಟುವುದು ಬೇಡ. ಮೇಷ್ಟ್ರುಗಳೂ ತಾಯ್ತಂದೆಯರೂ ನಾಲ್ಕು ಮಾತು ಕೇಳೋಣ. ನೆಟ್ಟು ಇಲ್ಲದ ದಿನ ಇದು ನಡೆಯುತ್ತದೆಯೇ? ನಮ್ಮ ಮಕ್ಕಳಿಗೆ ತಿಳಿಯುವ ಕನ್ನಡದಲ್ಲಿದೆಯೇ? ಮಗುವಿನ ಹೆಸರು, ಊರು ಇದಕ್ಕೆ ಯಾಕೆ ಬೇಕು? ಕೊನೆಯ ಸಾಲಿನ ಮಗುವಿನ ಕೈಗೆ ಇದು ಎಷ್ಟು ಹೊತ್ತು ಸಿಗುತ್ತದೆ?