ಗಾಜಿನ ತೊಟ್ಟಿಯ ಜೀವವೂ ನಮ್ಮ ಉಪವಾಸವೂ

ಸಮುದ್ರದಿಂದ ಬಹುದೂರವಿರುವ ವಿಜಯಪುರದ ಸ್ಟೇಷನ್ ರಸ್ತೆಯಂತಹ ಕಡೆಯಲ್ಲಿ ಶ್ರಾವಕನೊಬ್ಬನು ಮನೆಯೊಳಗೆ ಉಪ್ಪುನೀರಿನ ತೊಟ್ಟಿಯಿರಿಸಿ, ಮ್ಯಾಂಟಿಸ್ ಸೀಗಡಿಯೆಂಬ ಬಣ್ಣದ ಜಲಚರವನ್ನು ಸಾಕಬಹುದೇ? ಕೊಲ್ಲುವುದಿಲ್ಲ, ತಿನ್ನುವುದಿಲ್ಲ, ನೋಡಿ ಸಂತೋಷಪಡುವೆವು. ದೋಷವೆಲ್ಲಿ ಎಂದು ಕೇಳಬಹುದು.

ತತ್ತ್ವಾರ್ಥಸೂತ್ರವು ಅಹಿಂಸಾಣುವ್ರತಕ್ಕೆ ಹೇಳಿದ 5 ಅತಿಚಾರಗಳಲ್ಲಿ ಮೊದಲನೆಯದು ಬಂಧ, ಕೊನೆಯದು ಅನ್ನಪಾನನಿರೋಧ. ಗಾಜಿನೊಳಗಿಟ್ಟೊಡನೆ ಬಂಧದ ದೋಷ ತಗಲಿತು. ಈ ಜೀವವೋ ಮಾಂಸಾಹಾರಿ. ಇದರ ಕೆಲವು ಜಾತಿಗಳು ಗದೆಯಂತಹ ಅಂಗದಿಂದ ಬಸವನಹುಳು, ಏಡಿಗಳ ಚಿಪ್ಪೊಡೆದು ತಿನ್ನುತ್ತವೆ. ಅಷ್ಟಮಿ, ಚತುರ್ದಶಿಗಳಂದು ಪ್ರೋಷಧೋಪವಾಸ ಕೈಗೊಂಡ ಗೃಹಸ್ಥನು ಆ ತೊಟ್ಟಿಯ ಮುಂದೆ ನಿಂತು ಏನು ಮಾಡಬೇಕು? ಆಹಾರವಿತ್ತರೆ ಇನ್ನೊಂದು ಜೀವದ ವಧೆಯಲ್ಲಿ ಕಾರಿತದೋಷ, ಕೊಡದಿದ್ದರೆ ಅನ್ನಪಾನನಿರೋಧ. ನಮ್ಮ ಉಪವಾಸ ನಾವೇ ಒಪ್ಪಿ ಕೈಗೊಂಡದ್ದು. ಅದರ ಹಸಿವು ನಾವು ಹೇರಿದ್ದು. ಇದು ತಪವಲ್ಲ, ಹಿಂಸೆ.

ಮರುಕದಿಂದ ಭೂತನಾಳ ಕೆರೆಗೆ ಬಿಟ್ಟರೆ, ಕಡಲಿನ ಆ ಜೀವ ಸಿಹಿನೀರಿನಲ್ಲಿ ಸಾಯುವುದು. ತಂದವನಿಗೆ ನಿರ್ದೋಷವಾದ ದಾರಿಯೇ ಉಳಿಯದು. ಆದುದರಿಂದ ವ್ರತರಕ್ಷಣೆಯ ಸಮಯ ಆಹಾರ ಹಾಕುವಾಗಿನದಲ್ಲ, ಕೊಳ್ಳುವಾಗಿನದು. ಈಗಾಗಲೇ ತಂದವನು ಅದನ್ನು ಹಸಿವಿನಿಂದ ಸಾಯಿಸದೆ, ಗುರುಗಳಲ್ಲಿ ದೋಷವನ್ನು ನಿವೇದಿಸಿ, ಮತ್ತೊಂದನ್ನು ತರುವುದಿಲ್ಲವೆಂಬ ನಿಯಮ ಸ್ವೀಕರಿಸಲಿ. ಕಣ್ಣಿನ ಸುಖಕ್ಕಾಗಿ ಪರಜೀವವನ್ನು ಬಂಧಿಸದಿರುವುದೂ ಒಂದು ಉಪವಾಸವೇ.