ಮೂಲದಿಂದ ಶ್ರವಣದವರೆಗೆ: ಶರದೃತುವಿನ ಆಕಾಶದರ್ಶನ



ಪೂಜೆಗೆ ಕುಳಿತವನ ಮೊದಲ ಕರ್ತವ್ಯ ಸಂಕಲ್ಪ. ಆಚಮನ, ಪ್ರಾಣಾಯಾಮಗಳಾದ ಮೇಲೆ ಪುರೋಹಿತರು ನಮ್ಮ ಬಾಯಿಂದ ದೇಶವನ್ನೂ ಕಾಲವನ್ನೂ ಹೇಳಿಸುತ್ತಾರೆ. ದೇಶವೆಂದರೆ ನಾವು ಗೋದಾವರಿಯ ದಕ್ಷಿಣ ತೀರದವರು ಎಂಬ ಗುರುತು. ತವರನ್ನು ಬಿಟ್ಟು ಮುಂಬಯಿಗೋ ಪುಣೆಗೋ ಹೈದರಾಬಾದಿಗೋ ಬಂದ ಕನ್ನಡಿಗನಿಗೆ ಈ ಮಾತನ್ನು ಬದಲಿಸುವ ಪ್ರಮೇಯವಿಲ್ಲ. ಗೋದಾವರಿ ಇನ್ನೂ ನಮ್ಮ ಉತ್ತರಕ್ಕೇ ಹರಿಯುತ್ತಾಳೆ. ದಿಲ್ಲಿಯಲ್ಲಿರುವ ಬಂಧುಗಳು ಮಾತ್ರ ಈ ಮಾತನ್ನು ತಿದ್ದಿಕೊಳ್ಳಬೇಕು. ಕಾಲದ ಭಾಗಕ್ಕೆ ಆ ತೊಡಕೂ ಇಲ್ಲ. ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರ, ನಕ್ಷತ್ರ ಎಂದು ಒಂದೇ ಉಸಿರಿನಲ್ಲಿ ಒಪ್ಪಿಸಿ ಅಕ್ಷತೆಯನ್ನು ನೀರಿನೊಡನೆ ಬಿಟ್ಟುಬಿಡುತ್ತೇವೆ.

ಹೀಗೆ ಹೆಸರಿಸಿದ ಆ ನಕ್ಷತ್ರವನ್ನು ನಮ್ಮಲ್ಲಿ ಎಷ್ಟು ಮಂದಿ ಕಣ್ಣಾರೆ ಕಂಡಿದ್ದೇವೆ? ಸಾಕ್ಷಿಯನ್ನು ಹೆಸರು ಹಿಡಿದು ಕೂಗಿ, ಅವನ ಮುಖವನ್ನೂ ನೋಡದೆ ಕಳುಹಿಸಿಬಿಟ್ಟಂತೆ ಆಗಲಿಲ್ಲವೆ ಇದು? ಪಂಚಾಂಗವೇನೋ ಗೋಡೆಯ ಮೇಲೆ ತೂಗುತ್ತಿದೆ. ಆದರೆ ಪಂಚಾಂಗವು ಆಕಾಶದ ನಕಲು. ಮೂಲಪ್ರತಿ ನಮ್ಮ ತಲೆಯ ಮೇಲೆಯೇ ತೆರೆದಿದೆ.

ಅದನ್ನು ಓದಲು ಶರದೃತುವಿನಂಥ ಕಾಲ ಬೇರೊಂದಿಲ್ಲ. ಮಳೆಗಾಲದಲ್ಲಿ ತೊಳೆದ ಆಕಾಶ ಈಗ ತಿಳಿಯಾಗುತ್ತದೆ. ಕೆರೆ ಹೊಳೆಗಳ ನೀರೂ ತಿಳಿಯಾಗುತ್ತದೆ. ಅಗಸ್ತ್ಯ ನಕ್ಷತ್ರದ ಉದಯದಿಂದ ನೀರು ಶುದ್ಧವಾಗುವುದೆಂದು ನಮ್ಮ ಪೂರ್ವಿಕರು ನಂಬಿದ್ದರು. ವರಾಹಮಿಹಿರಾಚಾರ್ಯರು ತಮ್ಮ ಬೃಹತ್ಸಂಹಿತೆಯಲ್ಲಿ ಅಗಸ್ತ್ಯನ ಸಂಚಾರಕ್ಕಾಗಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾರೆ. ದಸರೆಯ ದಿನಗಳಲ್ಲಿ ಬೆಳಗಿನ ಜಾವ ನಾಲ್ಕೂವರೆ ಐದು ಗಂಟೆಗೆ ಎದ್ದು ದಕ್ಷಿಣಕ್ಕೆ ಮುಖಮಾಡಿ ನಿಂತರೆ, ದಿಗಂತದಿಂದ ತುಸು ಮೇಲೆ ಆ ಮಹರ್ಷಿಯ ದರ್ಶನವಾಗುತ್ತದೆ. ದಕ್ಷಿಣಕ್ಕೆ ಹೋಗಿ ನೆಲೆಸಿದ ಮುನಿಯಾದ್ದರಿಂದಲೋ ಏನೋ, ದಿಲ್ಲಿಯವರಿಗೆ ಆತ ತೀರ ಕೆಳಗೆ ಕಾಣುತ್ತಾನೆ. ಬೆಂಗಳೂರಿನವರಿಗೆ ಸಾಕಷ್ಟು ಮೇಲೆ.

ಇನ್ನು ನವರಾತ್ರಿಯ ಚಂದ್ರನ ಕಡೆಗೆ ಬರೋಣ. ಚಂದ್ರನು ಆಕಾಶವನ್ನು ಒಂದು ಸುತ್ತು ಸುತ್ತಲು 27 ದಿನಗಳಿಗೆ ಸ್ವಲ್ಪ ಹೆಚ್ಚು ಕಾಲ ತೆಗೆದುಕೊಳ್ಳುತ್ತಾನೆ. ಅದಕ್ಕಾಗಿ ಹಿರಿಯರು ಅವನ ದಾರಿಯನ್ನು 27 ಮನೆಗಳಾಗಿ ಹಂಚಿದರು. ಒಂದೊಂದು ಮನೆಗೆ 13 ಅಂಶ 20 ಕಲೆ, ದಿನಕ್ಕೊಂದು ಮನೆ. ಘಟಸ್ಥಾಪನೆಯ ಪಾಡ್ಯದಂದು ಅವನು ಹಸ್ತಾ ಚಿತ್ತಾಗಳ ಆಸುಪಾಸಿನಲ್ಲಿ, ಸೂರ್ಯನ ಮಗ್ಗುಲಲ್ಲೇ ಇರುವುದರಿಂದ ಕಣ್ಣಿಗೆ ಬೀಳುವುದಿಲ್ಲ. ದೇವಿಯ ಉತ್ಸವವು ಕತ್ತಲೆಯಲ್ಲಿ ಆರಂಭವಾಗುತ್ತದೆ. ಬಿದಿಗೆ ತದಿಗೆಗಳಲ್ಲಿ ಪಡುವಣದಲ್ಲಿ ಒಂದು ಗೆರೆ ಮೂಡಿ, ಬೇಗನೆ ಮುಳುಗುತ್ತದೆ. ಆಮೇಲೆ ದಿನವೂ ಸುಮಾರು 50 ನಿಮಿಷ ತಡವಾಗಿ ಮುಳುಗುತ್ತ, ವಿಶಾಖೆ, ಅನೂರಾಧೆ, ಜ್ಯೇಷ್ಠೆಗಳನ್ನು ದಾಟುತ್ತ, ಬಹುತೇಕ ವರ್ಷಗಳಲ್ಲಿ ಸಪ್ತಮಿಯ ಹೊತ್ತಿಗೆ ಮೂಲಾ ನಕ್ಷತ್ರಕ್ಕೆ ಬರುತ್ತಾನೆ. ಅಂದು ನಮ್ಮ ಮನೆಗಳಲ್ಲಿ ಪುಸ್ತಕಗಳನ್ನು ಮಣೆಯ ಮೇಲೆ ಜೋಡಿಸಿ ಸರಸ್ವತಿಯನ್ನು ಆವಾಹನೆ ಮಾಡುತ್ತೇವೆ. ಪೂರ್ವಾಷಾಢ, ಉತ್ತರಾಷಾಢಗಳು ಕಳೆದು ಚಂದ್ರ ಶ್ರವಣಕ್ಕೆ ಬಂದಾಗ ವಿಸರ್ಜನೆ. ಅದೇ ವಿಜಯದಶಮಿ.

ಈ ಮೂಲಾ ನಕ್ಷತ್ರದ ಬಳಿ ಸ್ವಲ್ಪ ನಿಲ್ಲಬೇಕು. ಸಂಜೆ ಏಳರ ಸುಮಾರಿಗೆ ನೈಋತ್ಯ ದಿಕ್ಕಿಗೆ ನೋಡಿದರೆ ಚೇಳಿನ ಕೊಂಡಿಯಂತೆ ಬಾಗಿದ ನಕ್ಷತ್ರಗಳ ಸಾಲೊಂದು ಕಾಣುತ್ತದೆ. ಆ ಕೊಂಡಿಯೇ ಮೂಲಾ. ಇದರ ಅಧಿದೇವತೆ ನಿರೃತಿ, ಲಯದ ದೇವತೆ. ಈ ಒಂದು ಕಾರಣವನ್ನು ಹಿಡಿದು ನಮ್ಮ ಸಮಾಜವು ಎಷ್ಟು ಹೆಣ್ಣುಮಕ್ಕಳ ಜಾತಕಗಳನ್ನು ಹಿಂದಿರುಗಿಸಿದೆಯೆಂಬುದನ್ನು ನೆನೆದರೆ ಹೃದಯ ಭಾರವಾಗುತ್ತದೆ. ಮೂಲಾ ನಕ್ಷತ್ರದ ಹುಡುಗಿ ಬಂದರೆ ಮಾವನಿಗೆ ಆಗಿಬರುವುದಿಲ್ಲವಂತೆ! ಹುಡುಗಿ ಓದಿದವಳು, ಗುಣವಂತೆ, ಮನೆತನ ಒಳ್ಳೆಯದು. ಎಲ್ಲ ಒಪ್ಪಿಗೆಯಾದ ಮೇಲೆ ನಕ್ಷತ್ರದ ಹೆಸರು ಕೇಳಿ ಬೀಗರಾಗಬೇಕಾದವರು ಮೌನವಾಗುತ್ತಾರೆ. ಇದು ಹಳ್ಳಿಯ ಕತೆಯಲ್ಲ. ಲಿಫ್ಟು ಹತ್ತಿ ಇಳಿಯುವ, ಬ್ಯಾಂಕಿನಲ್ಲಿ ಬಡ್ಡಿ ಲೆಕ್ಕ ಹಾಕುವ ನಮ್ಮ ನಡುವೆಯೇ ನಡೆಯುವ ಸಂಗತಿ. ಚಂದ್ರನು ಪ್ರತಿಯೊಂದು ಸುತ್ತಿನಲ್ಲಿಯೂ ಹೆಚ್ಚುಕಡಿಮೆ ಒಂದು ದಿನ ಮೂಲೆಯಲ್ಲಿ ಇರಲೇಬೇಕಷ್ಟೆ. ಎಂದಮೇಲೆ ಹುಟ್ಟುವ ಹೆಣ್ಣುಮಕ್ಕಳಲ್ಲಿ ಸರಿಸುಮಾರು 27ಕ್ಕೆ ಒಬ್ಬಳು ಮೂಲಾ ನಕ್ಷತ್ರದವಳು. ಜಗನ್ಮಾತೆಯು ತನ್ನ ಮಕ್ಕಳಲ್ಲಿ ಇಷ್ಟೊಂದು ಜನರನ್ನು ಬೇಡದವರನ್ನಾಗಿ ಸೃಷ್ಟಿಸಿದಳೆಂದು ನಂಬುವುದು ಭಕ್ತಿಯೋ, ಅವಳ ಮೇಲೆ ಹೊರಿಸುವ ಆರೋಪವೋ?

ಆಚಾರವೇ ನಮಗೆ ಏನು ಕಲಿಸುತ್ತಿದೆ ನೋಡಿ. ವಿದ್ಯಾಧಿದೇವತೆಯನ್ನು ಮನೆಗೆ ಕರೆಯಲು ಹಿರಿಯರು 27ರಲ್ಲಿ ಯಾವ ನಕ್ಷತ್ರವನ್ನಾದರೂ ಆರಿಸಬಹುದಾಗಿತ್ತು. ರೋಹಿಣಿ ಇತ್ತು, ಪುಷ್ಯವಿತ್ತು. ಆರಿಸಿದ್ದು ಮೂಲೆಯನ್ನು. ಚೆನ್ನೈಯಲ್ಲಿರುವ ನಮ್ಮವರಿಗೆ ಇನ್ನೊಂದು ಸಂಗತಿ ತಿಳಿದಿದೆ: ತಮಿಳುನಾಡಿನಲ್ಲಿ ಹನುಮಜ್ಜಯಂತಿಯನ್ನು ಮಾರ್ಗಳಿ ಮಾಸದ ಮೂಲಾ ನಕ್ಷತ್ರದಂದು ಆಚರಿಸುತ್ತಾರೆ. ಮೂಲೆಯಲ್ಲಿ ಸರಸ್ವತಿಯನ್ನು ಬರಮಾಡಿಕೊಂಡು ಆರತಿ ಎತ್ತಿದ ಕೈ, ಅದೇ ಮೂಲೆಯಲ್ಲಿ ಹುಟ್ಟಿದ ಸೊಸೆಗೆ ಬಾಗಿಲು ಮುಚ್ಚುವುದು ಯಾವ ಶಾಸ್ತ್ರ? ಮೂಲವೆಂದರೆ ಬೇರು. ಇಂದಿನ ಖಗೋಳಶಾಸ್ತ್ರಜ್ಞರ ಪ್ರಕಾರ ನಮ್ಮ ಆಕಾಶಗಂಗೆಯ ಕೇಂದ್ರವು ಆ ಕೊಂಡಿಯ ಪಕ್ಕದಲ್ಲೇ, ಮೂಲೆಯ ಭಾಗದಲ್ಲಿಯೇ, ಸುಮಾರು 26,000 ಜ್ಯೋತಿರ್ವರ್ಷಗಳ ಆಚೆಗಿದೆ. ಇದೆಲ್ಲ ಋಷಿಗಳಿಗೆ ಮೊದಲೇ ತಿಳಿದಿತ್ತೆಂದು ಭಾಷಣ ಬಿಗಿಯುವ ಚಪಲ ನನಗಿಲ್ಲ. ಹೆಸರು ಒಪ್ಪಿದೆ; ಅಷ್ಟು ಸಾಕು.

ಗ್ರಹಗಳ ವಿಷಯವೂ ಇಂಥದೇ. ನವಗ್ರಹ ಸನ್ನಿಧಿಯಲ್ಲಿ ಒಂಬತ್ತು ಸುತ್ತು ಹಾಕುವ ನಾವು, ಆ ಒಂಬತ್ತರಲ್ಲಿ ಕಣ್ಣಿಗೆ ಕಾಣಿಸುವವರನ್ನು ನೋಡುವ ಗೋಜಿಗೆ ಹೋಗುವುದಿಲ್ಲ. ರಾಹು ಕೇತುಗಳು ಚಂದ್ರನ ದಾರಿ ಸೂರ್ಯನ ದಾರಿಯನ್ನು ಕಡಿಯುವ ಬಿಂದುಗಳು, ಅವು ಕಾಣುವಂಥವಲ್ಲ. ಉಳಿದವರು ಕಾಣುತ್ತಾರೆ. ಚಂದ್ರನು ನಡೆಯುವ ಬೀದಿಯಲ್ಲಿಯೇ ಅವರೂ ನಡೆಯುತ್ತಾರೆ. ನಕ್ಷತ್ರ ಮಿನುಗುತ್ತದೆ, ಗ್ರಹವು ಸ್ಥಿರವಾಗಿ ಬೆಳಗುತ್ತದೆ. ಶುಕ್ರನು ಸಂಜೆಯೋ ಬೆಳಗಿನ ಜಾವವೋ ಕಾಣಿಸುತ್ತಾನೆಯೇ ಹೊರತು ನಡುರಾತ್ರಿಯಲ್ಲಿ ನಮ್ಮ ನೆತ್ತಿಗೆ ಬರುವುದಿಲ್ಲ. ಗುರು ಸುಮಾರು 12 ವರ್ಷಗಳಿಗೊಮ್ಮೆ ಒಂದು ಸುತ್ತು ಮುಗಿಸುತ್ತಾನೆ. ಶನಿಗೆ ಇಪ್ಪತ್ತೊಂಬತ್ತೂವರೆ ವರ್ಷ ಬೇಕು. ಅಂದರೆ ನಿಮ್ಮ ಮದುವೆಯ ವರ್ಷ ಅವನು ಯಾವ ನಕ್ಷತ್ರದ ಬಳಿ ಇದ್ದನೋ, ನಿಮ್ಮ ಚೊಚ್ಚಲ ಮಗುವಿಗೆ ಮದುವೆಯ ವಯಸ್ಸಾಗುವ ಹೊತ್ತಿಗೆ ಮತ್ತೆ ಅಲ್ಲಿಗೆ ಬರುತ್ತಾನೆ. ಸಾಡೇಸಾತಿಯೆಂದು ನಡುಗಿ ಎಳ್ಳೆಣ್ಣೆಯ ದೀಪ ಹಚ್ಚುವವರು ಒಮ್ಮೆ ಆ ತಂದೆಯನ್ನು ಸಣ್ಣದೊಂದು ದೂರದರ್ಶಕದ ಮೂಲಕ ನೋಡಬೇಕು. ಬಳೆ ತೊಟ್ಟ ಮುತ್ತಿನಂತೆ ಇದ್ದಾನೆ. ನೋಡಿದವನ ಬಾಯಿಂದ ಬರುವ ಉದ್ಗಾರ ಭಯದ್ದಲ್ಲ. ಮುಂಬಯಿಯ ವರಳಿಯಲ್ಲಿ 1977ರಲ್ಲಿ ನೆಹರೂ ತಾರಾಲಯ ಆರಂಭವಾಯಿತು. ದಿಲ್ಲಿ, ಹೈದರಾಬಾದು, ಚೆನ್ನೈಗಳಲ್ಲಿಯೂ ಮುಂದೆ ತಾರಾಲಯಗಳಾದವು. ದೇವಾಲಯಕ್ಕೆ ಮಕ್ಕಳನ್ನು ಕರೆದೊಯ್ಯುವಂತೆ ಅಲ್ಲಿಗೂ ಕರೆದೊಯ್ಯುವುದರಲ್ಲಿ ದೋಷವೇನೂ ಇಲ್ಲ.

ಕೊನೆಯದಾಗಿ ಧ್ರುವ. ಅವನು ಬಹಳ ಪ್ರಕಾಶಮಾನನೆಂದು ಹಲವರು ತಿಳಿದಿದ್ದಾರೆ. ಹಾಗಿಲ್ಲ, ಸಾಧಾರಣ ಕಾಂತಿಯ ನಕ್ಷತ್ರ. ದಸರೆಯ ಸಂಜೆಗಳಲ್ಲಿ ಸಪ್ತರ್ಷಿಗಳು ದಿಗಂತದ ಕೆಳಗಿರುವುದರಿಂದ ಅವರು ದಾರಿ ತೋರಿಸಲಾರರು. ರಾತ್ರಿ ಹನ್ನೊಂದರ ಸುಮಾರಿಗೆ ಉತ್ತರದಲ್ಲಿ ‘ಎಂ’ ಅಕ್ಷರದಂತೆ ಐದು ನಕ್ಷತ್ರಗಳು ಕಾಣುತ್ತವೆ. ಮರಾಠಿಗರು ಅದನ್ನು ಶರ್ಮಿಷ್ಠೆ ಎನ್ನುತ್ತಾರೆ, ನಮ್ಮವರು ಕುಂತಿ ಎನ್ನುತ್ತಾರೆ. ಅದರ ಕೆಳಗೆ ಒಂಟಿಯಾಗಿ ನಿಂತವನೇ ಧ್ರುವ. ಅವನು ದಿಗಂತದಿಂದ ಎಷ್ಟು ಅಂಶ ಮೇಲಿದ್ದಾನೋ ಅಷ್ಟೇ ನಮ್ಮ ಊರಿನ ಅಕ್ಷಾಂಶ. ಕೈ ನೀಡಿ ಮುಷ್ಟಿ ಹಿಡಿದರೆ ಒಂದು ಮುಷ್ಟಿ ಸುಮಾರು 10 ಅಂಶ. ಮೈಸೂರಿನಲ್ಲಿ ಅವನು ಒಂದು ಮುಷ್ಟಿಗಿಂತ ತುಸು ಮೇಲೆ. ಮುಂಬಯಿಯಲ್ಲಿ ಎರಡು ಮುಷ್ಟಿ. ದಿಲ್ಲಿಯಲ್ಲಿ ಮೂರಕ್ಕೆ ತುಸು ಕಡಮೆ. ನಾವು ತವರಿನಿಂದ ಉತ್ತರಕ್ಕೆ ಎಷ್ಟು ದೂರ ಬಂದಿದ್ದೇವೆಂಬುದನ್ನು ರೈಲ್ವೆ ಟಿಕೆಟಿಗಿಂತ ನಿಖರವಾಗಿ ಅವನು ಹೇಳಬಲ್ಲ. ಇಂದು ನಮ್ಮ ಕಣ್ಣು ಸೇರುವ ಅವನ ಬೆಳಕು ಹೊರಟು ಸುಮಾರು 430 ವರ್ಷಗಳಾದವು. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ದಸರೆಯನ್ನು ಆರಂಭಿಸಿದ ಕಾಲದ ಆಸುಪಾಸಿನ ಬೆಳಕು ಅದು.

ಧ್ರುವನ ಚರಿತ್ರೆಯನ್ನು ಭಾಗವತದ ನಾಲ್ಕನೆಯ ಸ್ಕಂಧದಲ್ಲಿ ಎಲ್ಲರೂ ಕೇಳಿದ್ದೇವೆ. ತಂದೆಯ ತೊಡೆಯ ಮೇಲೆ ಸ್ಥಳ ಸಿಗದ ಐದು ವರ್ಷದ ಬಾಲಕ, ಮಲತಾಯಿ ಸುರುಚಿಯ ಮಾತಿನಿಂದ ನೊಂದು ಮನೆ ಬಿಟ್ಟು ಹೊರಟ. ನಾರದರ ಉಪದೇಶ ಪಡೆದು ಯಮುನಾತೀರದ ಮಧುವನದಲ್ಲಿ ತಪಸ್ಸು ಮಾಡಿದ. ಹರಿ ಪ್ರತ್ಯಕ್ಷನಾದ, ಪದವಿ ದೊರೆಯಿತು. ಹರಿಕಥೆಗಳು ಸಾಮಾನ್ಯವಾಗಿ ಇಲ್ಲಿಗೇ ಮಂಗಳ ಹಾಡುತ್ತವೆ. ಭಾಗವತ ಅಲ್ಲಿಗೆ ನಿಲ್ಲಿಸುವುದಿಲ್ಲ. ಪದವಿ ಪಡೆದು ಮರಳುವ ಧ್ರುವನಿಗೆ ಸಂತೋಷವಾಗಲಿಲ್ಲವಂತೆ. ದೊರೆತವನು ಅಷ್ಟು ದೊಡ್ಡವನಾಗಿರುವಾಗ ನಾನು ಬೇಡಿದ್ದು ಇಷ್ಟು ಸಣ್ಣದಾಯಿತಲ್ಲ ಎಂಬ ಸಂಕಟ. ಉದ್ಯೋಗಕ್ಕಾಗಿ, ಬಡ್ತಿಗಾಗಿ ಊರು ಬಿಟ್ಟು, ಬೇಡಿದ್ದು ಕೈಗೂಡಿದ ಮೇಲೂ ಒಳಗೆಲ್ಲೋ ಬರಿದಾಗಿರುವ ನಮ್ಮಲ್ಲಿ ಅನೇಕರಿಗೆ ಈ ಸಂಕಟವನ್ನು ವಿವರಿಸಿ ಹೇಳಬೇಕಾಗಿಲ್ಲ.

ಬಹುಕಾಲ ರಾಜ್ಯವಾಳಿದ ನಂತರ ಅವನನ್ನು ಕರೆದೊಯ್ಯಲು ವಿಷ್ಣುದೂತರು ವಿಮಾನ ತಂದರು. ಧ್ರುವ ವಿಮಾನವೇರಿದ. ಆ ಕ್ಷಣದಲ್ಲಿ ಅವನಿಗೆ ತಾಯಿ ಸುನೀತಿಯ ನೆನಪಾಯಿತು. ಅನಾಥೆಯಾದ ಆ ತಾಯಿಯನ್ನು ಕೆಳಗೆ ಬಿಟ್ಟು ನಾನೊಬ್ಬನೇ ಇಷ್ಟು ದುರ್ಲಭವಾದ ಎಡೆಗೆ ಹೋಗಲೇ ಎಂದು ಯೋಚಿಸಿದ. ಮಗನ ಮನಸ್ಸನ್ನು ಅರಿತ ದೂತರು ಕೈ ತೋರಿಸಿದರು. ಮುಂದೆ ಇನ್ನೊಂದು ವಿಮಾನ ಹೋಗುತ್ತಿತ್ತು. ಅದರಲ್ಲಿ ಸುನೀತಿ ಇದ್ದಳು. ಮಗನಿಗಿಂತ ಮೊದಲೇ ಹೊರಟಿದ್ದಳು.

ಊರಿನ ಹಳೆಯ ಮನೆಯಲ್ಲಿ ಈ ನವರಾತ್ರಿಯಂದು ಒಬ್ಬರೇ ದೀಪ ಹಚ್ಚುವ ತಾಯಂದಿರು ನಮ್ಮಲ್ಲಿ ಎಷ್ಟು ಜನರಿಗೆ ಇದ್ದಾರೆ! ವಿಜಯದಶಮಿಯ ಸಂಜೆ ಬನ್ನಿ ವಿನಿಮಯ ಮುಗಿದ ಮೇಲೆ, ಏಳೂವರೆ ಎಂಟರ ಹೊತ್ತಿಗೆ ಮಹಡಿಯ ಮೇಲಕ್ಕೆ ಬನ್ನಿ. ನೆತ್ತಿಯ ಬಳಿ ಒಂದು ಪ್ರಕಾಶಮಾನ ನಕ್ಷತ್ರ, ಎರಡು ಬದಿಗೆ ಎರಡು ಸಣ್ಣವು. ಅದು ಶ್ರವಣ, ವಿಷ್ಣುವಿನ ನಕ್ಷತ್ರ, ತ್ರಿವಿಕ್ರಮನ ಮೂರು ಹೆಜ್ಜೆಗಳೆಂದು ಹೇಳುವುದುಂಟು. ಚಂದ್ರನು ಅದಕ್ಕೆ ಅಂಟಿಕೊಂಡಿರುವುದಿಲ್ಲ, ದಕ್ಷಿಣಕ್ಕೆ ಸಾಕಷ್ಟು ದೂರದಲ್ಲಿರುತ್ತಾನೆ. ಕಟ್ಟಡದ ದೀಪಗಳನ್ನು ಹತ್ತು ನಿಮಿಷ ಆರಿಸುವಂತೆ ಸೊಸೈಟಿಯ ಕಾರ್ಯದರ್ಶಿಗಳನ್ನು ಮೊದಲೇ ಕೇಳಿಕೊಂಡರೆ ಇನ್ನೂ ಚೆನ್ನ. ಊರಿಗೆ ಫೋನು ಮಾಡಿ, ಅಂಗಳಕ್ಕೆ ಬಂದು ನಿಲ್ಲುವಂತೆ ತಾಯಿಗೂ ಹೇಳಿ. ಅವರಿಗೂ ಆಗ ಅದೇ ಚಂದ್ರ, ಅದೇ ಶ್ರವಣ ಕಾಣುತ್ತಿರುತ್ತವೆ.